ಅಷ್ಟು ಮೃದು ಮನಸ್ಸಿನ ಮಗಳು ಗ್ರೂಪಿನಲ್ಲಿ ಹೀಗೇಕೆ ಮಾಡಿದಳು?

ಮಳೆಬಿಲ್ಲು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ 14 ವರ್ಷ. ರಸ್ತೆಯಲ್ಲಿ ಕುಂಟುವ ನಾಯಿ ಕಂಡರೆ ಮನೆಗೆ ಬಂದು ಅಳುವವಳು. ಅಜ್ಜಿ ಮಂಡಿ ನೋವು ಅಂದರೆ ಯಾರೂ ಹೇಳದೆಯೇ ಹೋಗಿ ಕಾಲು ಒತ್ತುವವಳು. ಕಳೆದ ವಾರ ಅವಳ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ನನಗೆ ಫೋನ್ ಮಾಡಿದರು. ಆ ಹುಡುಗಿಯ ಒಂದು ಫೋಟೊ ಇದೆ. ಶಾಲೆಯ ಗುಂಪು ಫೋಟೊ. ಅದರಲ್ಲಿ ಅವಳ ಕಣ್ಣು ಅರ್ಧ ಮುಚ್ಚಿದೆ, ಬಾಯಿ ಸ್ವಲ್ಪ ತೆರೆದಿದೆ. ಯಾರೋ ಅವಳ ಮುಖ ಮಾತ್ರ ಕತ್ತರಿಸಿ ಸ್ಟಿಕ್ಕರ್ ಮಾಡಿದ್ದಾರೆ. 31 ಮಕ್ಕಳಿರುವ ಗ್ರೂಪು. ಯಾರು ಏನೇ ಹೇಳಿದರೂ ಉತ್ತರವಾಗಿ ಆ ಸ್ಟಿಕ್ಕರ್. ಮೂರು ವಾರದಿಂದ ಇದೇ ನಡೆದಿದೆ. ಆ ಹುಡುಗಿಯೂ ಅದೇ ಗ್ರೂಪಿನಲ್ಲಿ ಇದ್ದಾಳೆ.

ಸ್ಟಿಕ್ಕರ್ ಮಾಡಿದ್ದು ನನ್ನ ಮಗಳಲ್ಲ. ಆದರೆ ಅವಳು ಅದನ್ನು 11 ಸಲ ಹಾಕಿದ್ದಾಳೆ. ನಾನೇ ಕೂತು ಎಣಿಸಿದೆ. ಕೇಳಿದರೆ, "ಎಲ್ಲರೂ ಹಾಕ್ತಿದ್ರು ಅಮ್ಮ. ಅವಳೂ ನಗೋ ಎಮೋಜಿ ಹಾಕಿದ್ಲು. ಬೇಜಾರಾಗಿದ್ರೆ ಹೇಳ್ತಿದ್ಲು" ಅಂದಳು. ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಹಾಗೇ ಅಂದುಕೊಂಡಿದ್ದಾಳೆ.

ಬೈದಿದ್ದು ಆಯಿತು. ಈಗ ನನಗೆ ಅರ್ಥವಾಗದೆ ಇರುವುದು ಇಷ್ಟೇ. ಇನ್ನೊಬ್ಬರ ನೋವಿಗೆ ಇಷ್ಟು ಕರಗುವ ಮಗು ಹೀಗೆ ಹೇಗೆ ಮಾಡಿತು? ಅವಳ ಕನಿಕರ ಆಗ ಎಲ್ಲಿ ಹೋಗಿತ್ತು?

ಮೂಲೆಮನೆ
ಮೊದಲು ಫೋನ್ ಕಿತ್ತುಕೊಳ್ಳಿ. 14 ವರ್ಷಕ್ಕೆ ಸ್ವಂತ ಫೋನ್ ಯಾಕೆ? ಮಿಕ್ಕಿದ್ದೆಲ್ಲ ಆಮೇಲೆ.

ಮಳೆಬಿಲ್ಲು
ಎರಡು ದಿನ ಕಿತ್ತುಕೊಂಡೆ ಸರ್. ಏನಾಯಿತು ಗೊತ್ತಾ? "ಅವಳು ಅವಳಮ್ಮನಿಗೆ ಹೇಳಿದ್ದಕ್ಕೆ ನನ್ನ ಫೋನ್ ಹೋಯ್ತು" ಅಂತ ಆ ಹುಡುಗಿಯ ಮೇಲೇ ಸಿಟ್ಟು ಬಂತು. ಮೊದಲು ಇಲ್ಲದ ಕೋಪ ಈಗ ಹುಟ್ಟಿಕೊಂಡಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಲೆಕ್ಕಪಕ್ಕ
ಬೇರೆಯವರಿಗೆ ಇಷ್ಟವಾಗದಿದ್ದರೂ ಹೇಳುತ್ತೇನೆ. ಮಕ್ಕಳು ಒಬ್ಬರನ್ನೊಬ್ಬರು ರೇಗಿಸುವುದು ಹೊಸದೇನಲ್ಲ. ನಮ್ಮ ಕಾಲದಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು ಇತ್ತು. ಅದರಿಂದ ಯಾರೂ ಹಾಳಾಗಲಿಲ್ಲ. ಈಗ ಪ್ರತಿಯೊಂದಕ್ಕೂ ಸೈಬರ್ ಬುಲ್ಲಿಯಿಂಗ್ ಅಂತ ದೊಡ್ಡ ಹೆಸರು ಕೊಟ್ಟು, ಒಂದು ಕಡೆ ಹಾಕಿದ ಮಗುವನ್ನು ಅಪರಾಧಿ ಮಾಡುತ್ತೇವೆ, ಇನ್ನೊಂದು ಕಡೆ ಹಾಕಿಸಿಕೊಂಡ ಮಗುವನ್ನು ಪಾಪದವಳು ಮಾಡುತ್ತೇವೆ. ಇಬ್ಬರಿಗೂ ಒಳ್ಳೆಯದಲ್ಲ.

ಹಳೇಮೇಷ್ಟ್ರು
ಲೆಕ್ಕಪಕ್ಕ ಅವರೇ, ರೇಗಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಓಲ್ವೇಯಸ್ ಅನ್ನುವ ಮನಶ್ಶಾಸ್ತ್ರಜ್ಞ 1970ರ ದಶಕದಿಂದಲೇ ಶಾಲೆಗಳಲ್ಲಿ ಇದನ್ನು ಅಧ್ಯಯನ ಮಾಡಿದವರು. ಅವರು ಮೂರು ಗುರುತು ಹೇಳಿದರು. ನೋಯಿಸುವ ಉದ್ದೇಶ ಇರಬೇಕು, ಅದು ಮತ್ತೆ ಮತ್ತೆ ಆಗಬೇಕು, ಎರಡು ಕಡೆಯ ಬಲ ಸಮ ಇರಬಾರದು. ಇಲ್ಲಿ 30 ಜನ ಒಂದು ಕಡೆ, ಒಬ್ಬಳು ಒಂದು ಕಡೆ. ಮೂರು ವಾರ. ಉದ್ದೇಶದ ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನ ಸರಿ. ಫೋನಿನಲ್ಲಿ ಅದು ಹರಿದು ಹಂಚಿಹೋಗುತ್ತದೆ. ಮಾಡಿದವನು ಒಬ್ಬ, ಹಾಕಿದವರು ಹಲವರು. ಪ್ರತಿಯೊಬ್ಬನಿಗೂ ತಾನು ಮಾಡಿದ್ದು ಚಿಕ್ಕದು ಅನಿಸುತ್ತದೆ. ಅವಳಿಗೆ ಮಾತ್ರ ಅಷ್ಟೂ ಒಟ್ಟಿಗೆ ಬಂದು ಬೀಳುತ್ತದೆ.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ.

ಲೆಕ್ಕಪಕ್ಕ
ಒಪ್ಪಿದೆ. ಆದರೆ ಅವಳೂ ನಕ್ಕಿದ್ದಾಳಲ್ಲ ಮೇಷ್ಟ್ರೇ. ಎದುರಿಗಿದ್ದವರು ನಗುತ್ತಿದ್ದರೆ ಮಗುವಿಗೆ ಹೇಗೆ ಗೊತ್ತಾಗಬೇಕು?

ಬೆಳ್ಳಿಚುಕ್ಕಿ
ಆ ನಗುವ ಎಮೋಜಿ ಹಾಕುತ್ತಿದ್ದವಳು ನಾನು. ಈಗ 23 ವರ್ಷ. ಆಗ 15.

ನಂದು ಸ್ಟಿಕ್ಕರ್ ಅಲ್ಲ, ಎಡಿಟ್ ಮಾಡಿದ ಫೋಟೊಗಳು. ನನ್ನ ಹಲ್ಲಿನ ಮೇಲೆ. ರಾತ್ರಿ ಹೊದಿಕೆಯೊಳಗೆ ಫೋನ್ ಹಿಡಿದು ಕೂರುತ್ತಿದ್ದೆ. ಬೆಳಕು ಕಮ್ಮಿ ಮಾಡಿ. ಒಂದು ಫೋಟೊ ಬಂದ ತಕ್ಷಣ ನಾನೇ ಮೊದಲು ನಗುವ ಎಮೋಜಿ ಹಾಕಬೇಕು. ಮೂರು. ಎರಡು ಹಾಕಿದರೆ ಬೇಜಾರಾಗಿದೆ ಅಂದುಕೊಳ್ಳುತ್ತಾರೆ, ಐದು ಹಾಕಿದರೆ ನಾಟಕ ಅನಿಸುತ್ತದೆ. ಇದನ್ನೆಲ್ಲ ಲೆಕ್ಕ ಹಾಕುತ್ತಿದ್ದೆ. ತಡವಾಗಿ ಹಾಕಿದರೆ "ಮೇಡಂ ಕೋಪ ಮಾಡ್ಕೊಂಡ್ರು" ಅಂತ ಮತ್ತೆ ಶುರು. ಗ್ರೂಪ್ ಬಿಟ್ಟರೆ ನನ್ನ ಹೆಸರಿನ ಮುಂದೆ "ಲೆಫ್ಟ್" ಅಂತ ಒಂದು ಸಾಲು ಎಲ್ಲರಿಗೂ ಕಾಣುತ್ತಿತ್ತು. ಅದರ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ ಅಂತ ಭಯ. ಅದಕ್ಕೇ ಎಂಟು ತಿಂಗಳು ಅಲ್ಲೇ ಇದ್ದೆ.

ಹಾಗಾಗಿ ಸರ್, ಆ ಹುಡುಗಿ ನಕ್ಕಿದ್ದಾಳೆ ಅಂತ ಹೇಳಬೇಡಿ. ಅವಳು ಒಂದು ಬಟನ್ ಒತ್ತಿದ್ದಾಳೆ, ಅಷ್ಟೇ.

ಸಂಜೆಗಾಳಿ
ಓದಿ ಕಣ್ಣಲ್ಲಿ ನೀರು ಬಂತು ತಂಗಿ.

ದಾರಿಹೋಕ
ಆಮೇಲೆ ಏನಾಯಿತು? ಹೇಗೆ ಹೊರಗೆ ಬಂದಿರಿ?

ಬೆಳ್ಳಿಚುಕ್ಕಿ
ದೊಡ್ಡದೇನೂ ಆಗಲಿಲ್ಲ ಅಣ್ಣ. ಗ್ರೂಪಿನ ಒಬ್ಬಳು ಒಂದು ರಾತ್ರಿ ನನಗೊಬ್ಬಳಿಗೇ ಮೆಸೇಜ್ ಮಾಡಿದಳು. "ಗಣಿತ ಹೋಮ್‌ವರ್ಕ್ ಮುಗಿಸಿದ್ಯಾ? ನಂಗೆ ಆರನೇ ಲೆಕ್ಕ ಬರ್ತಿಲ್ಲ." ಅಷ್ಟೇ. ಫೋಟೊ ವಿಷಯ ಎತ್ತಲೇ ಇಲ್ಲ. ನಾನು ಆರನೇ ಲೆಕ್ಕ ಬಿಡಿಸಿ ಕಳಿಸಿದೆ. ಮಾರನೇ ದಿನ ಮತ್ತೊಂದು ಲೆಕ್ಕ. ಅವಳಿಗೆ ಆ ಲೆಕ್ಕಗಳು ಬರುತ್ತಿದ್ದವು ಅಂತ ನನಗೆ ಎಷ್ಟೋ ದಿನ ಆದ ಮೇಲೆ ಗೊತ್ತಾಯಿತು.

ಆಪ್ತಮಾತು
ನಾನು ಶಾಲೆಯಲ್ಲಿ ಆಪ್ತಸಮಾಲೋಚಕಿ. ಮಳೆಬಿಲ್ಲು ಅವರ ಪ್ರಶ್ನೆಗೆ ನೇರವಾಗಿ ಬರುತ್ತೇನೆ.

ಇನ್ನೊಬ್ಬರ ಬಗ್ಗೆ ಕಾಳಜಿ ಅಂತ ನಾವು ಒಂದೇ ಮಾತಿನಲ್ಲಿ ಹೇಳುವುದರ ಒಳಗೆ ಎರಡು ಸಂಗತಿ ಇವೆ. ಒಂದು, ಎದುರಿನವರಿಗೆ ಏನು ಅನಿಸುತ್ತಿದೆ ಅಂತ ತಲೆಗೆ ತಿಳಿಯುವುದು. ಇನ್ನೊಂದು, ಅವರಿಗೆ ಅನಿಸಿದ್ದು ನಮ್ಮ ಎದೆಗೂ ತಟ್ಟುವುದು. ಎರಡೂ ಜೊತೆಗೇ ಇರಬೇಕೆಂದಿಲ್ಲ. ಸಿಂಗಾಪುರದಲ್ಲಿ ರೆಬೆಕಾ ಆಂಗ್ ಮತ್ತು ಡಿಯಾನ್ ಗೋ ಅನ್ನುವ ಸಂಶೋಧಕರು 396 ಹದಿಹರೆಯದವರನ್ನು ಕೇಳಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎದೆಗೆ ತಟ್ಟುವುದು ಕಮ್ಮಿ ಇದ್ದ ಮಕ್ಕಳಲ್ಲಿ, ತಲೆಗೆ ತಿಳಿಯುವುದೂ ಕಮ್ಮಿ ಇದ್ದವರು ಆನ್‌ಲೈನ್ ಕಿರುಕುಳ ಜಾಸ್ತಿ ಕೊಡುತ್ತಿದ್ದರು. ಹುಡುಗರಲ್ಲೂ ಹಾಗೇ, ಹುಡುಗಿಯರಲ್ಲೂ ಹಾಗೇ. ಎದೆಗೆ ತಟ್ಟುವುದು ಜಾಸ್ತಿ ಇದ್ದ ಕಡೆ ಒಂದು ವ್ಯತ್ಯಾಸ ಕಂಡಿತು. ಅಂಥ ಹುಡುಗಿಯರಲ್ಲಿ ತಿಳಿವಳಿಕೆ ಹೆಚ್ಚಿದ್ದರೂ ಕಮ್ಮಿ ಇದ್ದರೂ ಕಿರುಕುಳದ ಮಟ್ಟ ಹೆಚ್ಚು ಕಮ್ಮಿ ಒಂದೇ. ಹುಡುಗರಲ್ಲಿ ಮಾತ್ರ ಎದೆಗೆ ತಟ್ಟುವುದು ಇದ್ದರೂ, ತಲೆಗೆ ತಿಳಿಯದಿದ್ದರೆ ಕಿರುಕುಳ ಜಾಸ್ತಿಯೇ ಇತ್ತು.

ಇನ್ನೊಂದು ಮಾತು. ತಲೆಗೆ ತಿಳಿಯುವುದೊಂದೇ ಇದ್ದರೆ ಅದು ಎರಡು ಅಲಗಿನ ಕತ್ತಿ. ಬ್ರಿಟನ್ನಿನಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗುಂಪು ಕಟ್ಟಿಕೊಂಡು ಕಾಡುವ ಮುಂದಾಳು ಮಕ್ಕಳು ಬೇರೆಯವರ ಮನಸ್ಸು ಓದುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. ಅವರ ಹಿಂದೆ ಹೋಗುವ ಮಕ್ಕಳಿಗಿಂತ ಮುಂದಿದ್ದರು. ಎಲ್ಲಿ ಚುಚ್ಚಿದರೆ ನೋವಾಗುತ್ತದೆ ಅಂತ ಗೊತ್ತಿರುವವನೇ ಸರಿಯಾಗಿ ಚುಚ್ಚಬಲ್ಲ.

ನಿಮ್ಮ ಮಗಳು ಆ ಜಾತಿಯಲ್ಲ ಮೇಡಂ. ಅವಳ ಕನಿಕರ ಎಲ್ಲಿಗೂ ಹೋಗಿಲ್ಲ. ಅದಕ್ಕೆ ಕಣ್ಣು ಬೇಕು. ನಾಯಿ ಅವಳೆದುರಿಗೇ ಕುಂಟಿತು. ಅಜ್ಜಿ ಅವಳೆದುರಿಗೇ ಮಂಡಿ ಹಿಡಿದುಕೊಂಡರು. ಈ ಹುಡುಗಿ ಕುಂಟಿದ್ದು ಎಮೋಜಿಯ ಹಿಂದೆ. ಪರದೆಯ ಮೇಲೆ ಎದುರಿನವರ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ಉತ್ತರವೂ ತಕ್ಷಣ ಬರಬೇಕೆಂದಿಲ್ಲ. ಇದರಿಂದ ಜನರ ಕಡಿವಾಣ ಸಡಿಲವಾಗುತ್ತದೆ ಅಂತ ಜಾನ್ ಸುಲರ್ ಅನ್ನುವ ಮನಶ್ಶಾಸ್ತ್ರಜ್ಞರು 2004ರಲ್ಲೇ ಬರೆದಿದ್ದರು.

ಲೆಕ್ಕಪಕ್ಕ
ಒಂದು ನಿಮಿಷ ಮೇಡಂ. ಕನಿಕರ ಜಾಸ್ತಿ ಇದ್ದರೆ ಕಾಡುವುದು ಕಮ್ಮಿ ಅಂತೀರಿ. ಆದರೆ ಕನಿಕರ ತುಂಬಿರುವ ಮಗುವೇ 11 ಸಲ ಸ್ಟಿಕ್ಕರ್ ಹಾಕಿದೆ. ನಿಮ್ಮ ಲೆಕ್ಕ ಇಲ್ಲೇ ತಪ್ಪಿತಲ್ಲ?

ಆಪ್ತಮಾತು
ತಪ್ಪಲಿಲ್ಲ ಸರ್. ಅದು ಸರಾಸರಿಯ ಮಾತು. ನೂರಾರು ಮಕ್ಕಳನ್ನು ಒಟ್ಟಿಗೆ ನೋಡಿದಾಗ ಕಾಣುವ ಒಲವು. ಒಂದು ಮಗು ಒಂದು ರಾತ್ರಿ ಏನು ಮಾಡುತ್ತದೆ ಅನ್ನುವುದನ್ನು ಅದರಿಂದ ಹೇಳಲಾಗುವುದಿಲ್ಲ. ಜೊತೆಗೆ ಇಂಥ ಅಧ್ಯಯನದಲ್ಲಿ ಒಂದೇ ಸಲ ಕೇಳಿರುತ್ತಾರೆ. ಕನಿಕರ ಕಮ್ಮಿ ಆಗಿದ್ದಕ್ಕೆ ಕಾಡಿದರೋ, ಕಾಡಿ ಕಾಡಿ ಕನಿಕರ ಸವೆಯಿತೋ, ಅದರಿಂದ ಗೊತ್ತಾಗುವುದಿಲ್ಲ.

ನೀಲಿಪೆನ್ನು
ನನಗೆ 16. ಇಲ್ಲಿ ದೊಡ್ಡವರೇ ಮಾತಾಡುತ್ತಿದ್ದೀರಿ, ಅದಕ್ಕೆ ನಾನೊಂದು ಹೇಳುತ್ತೇನೆ.

ನಮಗೆ ಕಾಳಜಿ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇರುತ್ತದೆ. ಜಾಸ್ತಿನೇ ಇರುತ್ತದೆ. ಆದರೆ ಒಬ್ಬರ ಮೇಲೆ ಇರುತ್ತದೆ. ಹೋದ ವರ್ಷ ನನ್ನ ಬೆಸ್ಟ್ ಫ್ರೆಂಡ್ ಅಳುತ್ತಾ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಇನ್ನೊಬ್ಬಳು ಅವಳ ಬಗ್ಗೆ ಕೆಟ್ಟದಾಗಿ ಬರೆದಿದ್ದಳು. ನಮಗೆ ರಕ್ತ ಕುದಿಯಿತು. ನಾವು ಒಂಬತ್ತು ಜನ ಆ ಇನ್ನೊಬ್ಬಳಿಗೆ ಒಂದೇ ಸಂಜೆಯಲ್ಲಿ ಮೆಸೇಜ್ ಮಾಡಿದೆವು. ನಾನು ಒಂದೇ ಒಂದು ಕಳಿಸಿದ್ದು. ಕೆಟ್ಟ ಮಾತು ಕೂಡ ಇರಲಿಲ್ಲ, "ನೀನು ಇಂಥವಳು ಅಂತ ಗೊತ್ತಿರಲಿಲ್ಲ" ಅಂತ. ಆ ರಾತ್ರಿ ನಾನು ಖುಷಿಯಾಗಿ ಮಲಗಿದೆ. ಗೆಳತಿಯ ಪರ ನಿಂತೆ ಅಂತ.

ಅವಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಆಮೇಲೆ ಪೂರ್ತಿ ಚಾಟ್ ನೋಡಿದೆವು. ಸ್ಕ್ರೀನ್‌ಶಾಟಿನ ಮೇಲಿನ ಎರಡು ಸಾಲು ಕತ್ತರಿಸಿತ್ತು. ಮೊದಲು ಕೆಟ್ಟದಾಗಿ ಬರೆದವಳು ನನ್ನ ಫ್ರೆಂಡೇ.

ನಾವು ಬುಲ್ಲಿ ಮಾಡುತ್ತಿದ್ದೇವೆ ಅಂತ ಆ ಸಂಜೆ ಯಾರಾದರೂ ಹೇಳಿದ್ದರೆ ನಾನು ಜಗಳಕ್ಕೇ ಹೋಗುತ್ತಿದ್ದೆ. ನಮಗೆ ಅದು ಪ್ರೀತಿ ಅನಿಸಿತ್ತು.

ಹಳೇಮೇಷ್ಟ್ರು
ಮಗು, ನೀನು ಬರೆದದ್ದನ್ನು ಎರಡು ಸಲ ಓದಿದೆ. 30 ವರ್ಷ ಪಾಠ ಮಾಡಿದ್ದೇನೆ, ಕಾಡುವ ಮಕ್ಕಳಿಗೆ ಕರುಣೆ ಕಲಿಸಬೇಕು ಅಂತಲೇ ಹೇಳಿಕೊಂಡು ಬಂದೆ. ಕರುಣೆ ಒಬ್ಬರ ಮೇಲೇ ಸುರಿದರೆ ಇನ್ನೊಬ್ಬರ ಮೇಲೆ ಬೆಂಕಿಯಾಗಿ ಬೀಳುತ್ತದೆ ಅನ್ನುವುದನ್ನು ಯೋಚಿಸಿರಲಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಪೂರ್ತಿ ಕೇಳದೆ ಹೊರಡುವುದು ಹಳೆಯ ಚಾಳಿ. ಫೋನ್ ಬಂದ ಮೇಲೆ ಒಂದು ಸಂಜೆಯೊಳಗೆ ಒಂಬತ್ತು ಜನ ಹೊರಡುತ್ತಾರೆ, ಅಷ್ಟೇ ವ್ಯತ್ಯಾಸ.

ಆಲ್ಬರ್ಟ್ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನು ಬಿಡಿಸಿ ಹೇಳಿದ್ದಾರೆ. ಒಳ್ಳೆಯ ಮನುಷ್ಯ ಕೆಟ್ಟ ಕೆಲಸ ಮಾಡುವಾಗ ಮನಸ್ಸಾಕ್ಷಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡುತ್ತಾನೆ. "ಒಳ್ಳೆಯದಕ್ಕೇ ಮಾಡಿದೆ", "ನಾನೊಬ್ಬನೇ ಅಲ್ಲ", "ಇದೇನು ಮಹಾ", "ಅವಳೇ ತಂದುಕೊಂಡಿದ್ದು". ಈ ನಾಲ್ಕೂ ಮಾತು ನನ್ನ ಕ್ಲಾಸಿನಲ್ಲಿ ಕೇಳಿದ್ದೇನೆ. ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ.

ಸಂಜೆಗಾಳಿ
ಏನೇ ಹೇಳಿ, ಈಗಿನ ಪೀಳಿಗೆಗೆ ಕರುಣೆ ಕಮ್ಮಿ. ಯುವಕರಲ್ಲಿ ಅನುಕಂಪ ಶೇಕಡಾ 40 ಇಳಿದಿದೆ ಅಂತ ಸಂಶೋಧನೆಯೇ ಇದೆ. ಮೊಬೈಲ್ ಬಂದ ಮೇಲೆ ಎಲ್ಲ ಹೋಯಿತು.

ಆಪ್ತಮಾತು
ಸಂಜೆಗಾಳಿ ಅವರೇ, ಅದು ಸಾರಾ ಕಾನ್ರಾತ್ ಅವರ ಅಧ್ಯಯನ. 2010ರಲ್ಲಿ ಸುದ್ದಿಯಾಯಿತು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಬಗ್ಗೆ, 1979ರಿಂದ 2009ರವರೆಗಿನ ಲೆಕ್ಕ. ಇಡೀ ಜಗತ್ತಿನ ಮಕ್ಕಳದ್ದಲ್ಲ. ಮುಖ್ಯವಾಗಿ, ಅದೇ ಕಾನ್ರಾತ್ ತಮ್ಮ ಜೊತೆಗಾರರ ಜೊತೆ 2018ರವರೆಗಿನ ಮಾಹಿತಿ ಸೇರಿಸಿ 2023ರಲ್ಲಿ ಇನ್ನೊಂದು ಪ್ರಕಟಿಸಿದರು. 2008ರಿಂದ ಈಚೆಗೆ ಅಲ್ಲಿನ ಯುವಕರಲ್ಲಿ ಅನುಕಂಪ ಮತ್ತೆ ಏರುತ್ತಾ ಬಂದಿದೆ. ಇಳಿದ ಸುದ್ದಿ ಎಲ್ಲ ಕಡೆ ಹರಡಿತು, ಏರಿದ ಸುದ್ದಿ ಯಾರೂ ಹಂಚಲಿಲ್ಲ. ಸ್ಮಾರ್ಟ್‌ಫೋನ್ ಎಲ್ಲರ ಕೈಗೆ ಬಂದದ್ದು ಏರುತ್ತಿದ್ದ ವರ್ಷಗಳಲ್ಲೇ ಅನ್ನುವುದನ್ನು ಗಮನಿಸಿ.

ಸಂಜೆಗಾಳಿ
ಈ ಎರಡನೆಯದು ನಾನು ನೋಡಿರಲಿಲ್ಲ. ಸರಿ, ಮಕ್ಕಳ ಮೇಲೆ ಹೊರಿಸಿದ ಮಾತು ವಾಪಸ್ ತೆಗೆದುಕೊಂಡೆ. ಆದರೆ ನಾವು ದೊಡ್ಡವರು ಏನು ತೋರಿಸುತ್ತಿದ್ದೇವೆ ಅನ್ನುವುದನ್ನೂ ಮಾತಾಡಬೇಕು. ನಮ್ಮ ಸಂಬಂಧಿಕರ ಗ್ರೂಪಿನಲ್ಲಿ ಒಬ್ಬ ಭಾವನ ತೂಕದ ಬಗ್ಗೆ ದಿನಾ ಒಂದು ಫಾರ್ವರ್ಡ್ ಬರುತ್ತದೆ. ಮನೆಯ ಮಕ್ಕಳೆಲ್ಲ ಅದೇ ಗ್ರೂಪಿನಲ್ಲಿ ಇದ್ದಾರೆ. ಅವರು ನೋಡುತ್ತಾರೆ, ಅದಕ್ಕೆ ಯಾರು ಹೆಬ್ಬೆರಳು ಎತ್ತಿದರು ಅನ್ನುವುದನ್ನೂ ನೋಡುತ್ತಾರೆ.

ತಂತಿಮನುಷ್ಯ
ಆ್ಯಪ್ ಮಾಡುವ ಕೆಲಸ ನನ್ನದು. ಎಲ್ಲ ಭಾರವನ್ನೂ ಮಕ್ಕಳ ಮನಸ್ಸಿನ ಮೇಲೇ ಹೊರಿಸಬೇಡಿ. ಆ್ಯಪ್ ಕಟ್ಟುವ ರೀತಿಯೂ ಕಾರಣ. ಸ್ಟಿಕ್ಕರ್ ಹಾಕಲು ಒಂದು ಬೆರಳು, ಅರ್ಧ ಸೆಕೆಂಡ್ ಸಾಕು. ಯೋಚನೆ ಮಾಡಲು ಜಾಗವೇ ಬಿಟ್ಟಿಲ್ಲ. 2019ರಲ್ಲಿ ಇನ್‌ಸ್ಟಾಗ್ರಾಂ ಒಂದು ಬದಲಾವಣೆ ತಂದಿತು. ಯಾರಾದರೂ ನೋಯಿಸುವಂಥ ಕಾಮೆಂಟ್ ಬರೆದರೆ, ಕಳಿಸುವ ಮೊದಲು "ಇದನ್ನು ನಿಜಕ್ಕೂ ಹಾಕಬೇಕಾ" ಅನ್ನುವ ಅರ್ಥದ ಎಚ್ಚರಿಕೆ ತೋರಿಸುತ್ತದೆ. ಕೆಲವರು ಅಲ್ಲೇ ಅಳಿಸುತ್ತಾರೆ. ಕನಿಕರ ಅವರಲ್ಲಿ ಇದ್ದೇ ಇತ್ತು, ಬಂದು ಮುಟ್ಟಲು ಎರಡು ಸೆಕೆಂಡ್ ಬೇಕಿತ್ತು.

ಬೆಳ್ಳಿಚುಕ್ಕಿ ಅವರು ಹೇಳಿದ "ಲೆಫ್ಟ್" ಸಾಲಿನ ಬಗ್ಗೆ: 2022ರಿಂದ ವಾಟ್ಸಾಪ್‌ನಲ್ಲಿ ಸದ್ದಿಲ್ಲದೆ ಗ್ರೂಪ್ ಬಿಡಬಹುದು. ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ.

ಮೂಲೆಮನೆ
ಇದು ಗೊತ್ತಿರಲಿಲ್ಲ. ನಾಲ್ಕು ಗ್ರೂಪ್ ಬಿಡಬೇಕಿತ್ತು. ಸ್ಟಿಕ್ಕರ್ ಡಿಲೀಟ್ ಮಾಡಿದರೆ ಎಲ್ಲರ ಫೋನಿನಿಂದಲೂ ಹೋಗುತ್ತದಾ?

ತಂತಿಮನುಷ್ಯ
ಇಲ್ಲ ಸರ್. ಆ ಮೆಸೇಜ್ ಅಳಿಸಬಹುದು. ಯಾರಾದರೂ ಅದನ್ನು ತಮ್ಮ ಇಷ್ಟದ ಸ್ಟಿಕ್ಕರ್‌ಗಳಲ್ಲಿ ಉಳಿಸಿಕೊಂಡಿದ್ದರೆ ಅವರೇ ತೆಗೆಯಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗೇ.

ದಾರಿಹೋಕ
ಯಾರೂ ಮಾತಾಡದ ಒಂದು ಗುಂಪಿದೆ. ನನ್ನ ಮಗ ಅದರಲ್ಲಿ ಇದ್ದಾನೆ. ಹಾಕುವವನೂ ಅಲ್ಲ, ಹಾಕಿಸಿಕೊಂಡವನೂ ಅಲ್ಲ. ಸುಮ್ನೆ ನೋಡುವವನು. ಅವನ ಗ್ರೂಪಿನಲ್ಲಿ ಒಬ್ಬ ಹುಡುಗನ ಉಗ್ಗು ಮಾತನ್ನು ರೆಕಾರ್ಡ್ ಮಾಡಿ ವಾಯ್ಸ್ ನೋಟ್ ಆಗಿ ಹಾಕುತ್ತಿದ್ದರು. ಮಗ ಅದನ್ನು ಕೇಳಿದ ದಿನ ಸರಿಯಾಗಿ ಊಟ ಮಾಡಲಿಲ್ಲ. ಕನಿಕರ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಒಂದಕ್ಷರ ಬರೆಯಲಿಲ್ಲ. ಯಾಕೋ ಅಂದರೆ "ಏನಂತ ಬರೀಲಿ ಅಪ್ಪಾ?" ಅಂದ. ಆ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಹಳೇಮೇಷ್ಟ್ರು
ದಾರಿಹೋಕರೇ, ನನ್ನ ಮಟ್ಟಿಗೆ ಇದೇ ಮುಖ್ಯವಾದ ಗುಂಪು. ನೋಡುವವರು ಜಾಸ್ತಿ ಆದಷ್ಟೂ ಪ್ರತಿಯೊಬ್ಬನೂ ಬೇರೆಯವರು ಮಾಡಲಿ ಅಂತ ಕಾಯುತ್ತಾನೆ ಅನ್ನುವುದನ್ನು 1968ರಲ್ಲಿ ಡಾರ್ಲಿ ಮತ್ತು ಲಟಾನೆ ಪ್ರಯೋಗ ಮಾಡಿ ತೋರಿಸಿದ್ದರು. 31 ಜನರ ಗ್ರೂಪ್ ಅಂದರೆ ಕಾಯುವವರ ಸಾಲು ಎಷ್ಟು ಉದ್ದ ಯೋಚಿಸಿ.

ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲ್ಲಿ ಮತ್ತು ಅವರ ಜೊತೆಗಾರರು 1996ರಲ್ಲಿ ಕ್ಲಾಸಿನ ಮಕ್ಕಳು ಏನೇನು ಪಾತ್ರ ವಹಿಸುತ್ತಾರೆ ಅಂತ ನೋಡಿದರು. ಕಾಡುವವನು, ಅವನಿಗೆ ಕೈ ಜೋಡಿಸುವವನು, ನಕ್ಕು ಹುರಿದುಂಬಿಸುವವನು, ದೂರ ನಿಲ್ಲುವವನು, ಕಾಡಿಸಿಕೊಂಡವನ ಪರ ನಿಲ್ಲುವವನು. ಆ ತಿಳಿವಳಿಕೆಯಿಂದಲೇ ಅಲ್ಲಿ ಕಿವಾ ಅನ್ನುವ ಕಾರ್ಯಕ್ರಮ ಹುಟ್ಟಿತು. 2009ರಿಂದ ದೇಶದ ಉದ್ದಗಲಕ್ಕೂ ಶಾಲೆಗಳಿಗೆ ಹಬ್ಬಿಸಿದರು. ಕಾಡುವ ಒಬ್ಬನನ್ನು ತಿದ್ದುವುದರ ಜೊತೆಗೆ ನೋಡುತ್ತಾ ನಿಂತ ಮಕ್ಕಳಿಗೆ ಏನು ಮಾಡಬಹುದು ಅಂತ ಅಭ್ಯಾಸ ಮಾಡಿಸುತ್ತಾರೆ.

ಕೆನಡಾದ ನೋವಾ ಸ್ಕೋಶಿಯಾದಲ್ಲಿ 2007ರಲ್ಲಿ ಆದದ್ದು ನನಗೆ ಬಹಳ ಇಷ್ಟ. ಒಂಬತ್ತನೇ ತರಗತಿಗೆ ಹೊಸದಾಗಿ ಬಂದ ಹುಡುಗ ಗುಲಾಬಿ ಬಣ್ಣದ ಅಂಗಿ ಹಾಕಿದ್ದಕ್ಕೆ ಅವನನ್ನು ಕಾಡಿದರು. ಹನ್ನೆರಡನೇ ತರಗತಿಯ ಇಬ್ಬರು ಹುಡುಗರು ಯಾರ ಜೊತೆಯೂ ಜಗಳಕ್ಕೆ ಹೋಗಲಿಲ್ಲ, ಭಾಷಣವನ್ನೂ ಮಾಡಲಿಲ್ಲ. 50 ಗುಲಾಬಿ ಅಂಗಿ ಕೊಂಡು ತಂದು ಮಕ್ಕಳಿಗೆ ಹಂಚಿದರು. ಕನಿಕರಕ್ಕೆ ಕೈಕಾಲು ಬರುವುದು ಹೀಗೆ.

ಲೆಕ್ಕಪಕ್ಕ
ಅಂಗಿ ಹಾಕುವುದು ಚೆನ್ನಾಗಿದೆ. ಆದರೆ ಗ್ರೂಪಿನಲ್ಲಿ "ನಿಲ್ಲಿಸಿ" ಅಂತ ಬರೆದ ಮಗುವಿನ ಗತಿ ಏನು? ಮರುದಿನ ಅವನ ಸ್ಟಿಕ್ಕರ್ ಬರುತ್ತದೆ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಧೈರ್ಯ ಮಾಡು ಅಂತ ಹೇಳುವುದು ನಮಗೆ ಸುಲಭ.

ನೀಲಿಪೆನ್ನು
ಈ ಅಂಕಲ್ ಹೇಳಿದ್ದು ಸತ್ಯ. "ನಿಲ್ಲಿಸಿ" ಅಂದರೆ ಮುಗೀತು ಕಥೆ. ನಾವು ಈಗ ಮಾಡುವುದು ಬೇರೆ. ಗ್ರೂಪಿನಲ್ಲಿ ಶುರುವಾದ ತಕ್ಷಣ ಮಾತು ತಿರುಗಿಸುತ್ತೇವೆ. "ನಾಳೆ ಟೆಸ್ಟ್ ಯಾವ ಪಾಠದವರೆಗೆ?" ಅಂತ ಒಬ್ಬರು ಕೇಳುತ್ತೇವೆ, ಇನ್ನೊಬ್ಬರು ಉತ್ತರ ಕೊಡುತ್ತೇವೆ, ಮತ್ತೊಬ್ಬರು ಅಲ್ಲ ಅಂತ ವಾದ ಮಾಡುತ್ತೇವೆ. ಮೂರು ಜನ ಸೇರಿದರೆ ಸಾಕು, ಐದು ನಿಮಿಷದಲ್ಲಿ ಆ ಫೋಟೊ ಮೇಲಕ್ಕೆ ಹೋಗಿಬಿಡುತ್ತದೆ. ನಾವು ಯಾಕೆ ಹೀಗೆ ಮಾಡುತ್ತೇವೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಅವರಿಗೊಬ್ಬರಿಗೇ ಒಂದು ಮೆಸೇಜ್.

ದಾರಿಹೋಕ
ಇದನ್ನು ಇವತ್ತೇ ಮಗನಿಗೆ ಓದಿ ಹೇಳುತ್ತೇನೆ ಪುಟ್ಟಿ. ಅವನಿಗೆ ಬೇಕಾಗಿದ್ದು ಇದೇ.

ಆಪ್ತಮಾತು
ಮಳೆಬಿಲ್ಲು ಅವರೇ, ಮಗಳ ಜೊತೆ ಹೇಗೆ ಮಾತಾಡಬೇಕು ಅನ್ನುವುದಕ್ಕೆ ನನ್ನ ಅನುಭವ. "ನಿನಗೇ ಹೀಗೆ ಮಾಡಿದ್ದರೆ?" ಅಂತ ಕೇಳಬೇಡಿ. ಈ ವಯಸ್ಸಿನವರು "ನಾನು ತಲೆ ಕೆಡಿಸ್ಕೊಳ್ತಿರ್ಲಿಲ್ಲ" ಅಂದುಬಿಡುತ್ತಾರೆ, ಬಾಗಿಲು ಮುಚ್ಚಿಹೋಗುತ್ತದೆ. ಶಿಕ್ಷೆಯ ಬದಲು, ತಾನು ಮಾಡಿದ್ದರಿಂದ ಇನ್ನೊಬ್ಬರಿಗೆ ಏನಾಯಿತು ಅಂತ ಮಗುವಿಗೆ ಕಾಣಿಸುವಂತೆ ಮಾಡುವ ತಂದೆತಾಯಿಯ ಮಾತಿಗೆ ಬಲ ಜಾಸ್ತಿ ಅಂತ ಮಾರ್ಟಿನ್ ಹಾಫ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞ ಬಹಳ ಹಿಂದೆಯೇ ಹೇಳಿದ್ದಾರೆ. ಪಕ್ಕದಲ್ಲಿ ಕೂತು ಆ ಮೂರು ವಾರದ ಚಾಟನ್ನು ಮೊದಲಿಂದ ಒಟ್ಟಿಗೆ ಓದಿ. ನೀವು ಮಾತಾಡಬೇಡಿ. ಆ ಹುಡುಗಿ ಬರೆದದ್ದನ್ನು ಮಾತ್ರ ಹುಡುಕಿ ಓದಲು ಹೇಳಿ.

ಗ್ರೂಪಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿಸಬೇಡಿ. ಅದೇ 30 ಜನರ ಎದುರು ಆ ಹುಡುಗಿಯ ಹೆಸರು ಮತ್ತೊಮ್ಮೆ ಬರುತ್ತದೆ. ಇನ್ನೊಂದು ಮುಖ್ಯ ಮಾತು. ಆ ತಾಯಿಯ ಜೊತೆ ಮಾತಾಡುತ್ತಿರಿ. ಹುಡುಗಿ ನಿದ್ದೆ ಮಾಡುತ್ತಿಲ್ಲ, ಶಾಲೆಗೆ ಹೋಗಲ್ಲ ಅನ್ನುತ್ತಾಳೆ, ಬದುಕಿನ ಬಗ್ಗೆ ಬೇಸರದ ಮಾತಾಡುತ್ತಾಳೆ ಅಂದರೆ ಕಾಯಬಾರದು. ತಕ್ಷಣ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಲಿ.

ಬೆಳ್ಳಿಚುಕ್ಕಿ
ಒಂದು ಸೇರಿಸಲಾ? ಕ್ಷಮೆ ಕೇಳಿದರೆ ಅವಳು ಕ್ಷಮಿಸಲೇಬೇಕು ಅಂತ ಮಗಳು ಅಂದುಕೊಳ್ಳದಂತೆ ನೋಡಿಕೊಳ್ಳಿ ಅಕ್ಕಾ. ನನಗೆ ಒಬ್ಬಳು ಎಲ್ಲ ಮುಗಿದ ಮೇಲೆ ಉದ್ದದ ಕ್ಷಮೆ ಕಳಿಸಿದಳು. ತನಗೆ ಎಷ್ಟು ನೋವಾಗಿದೆ, ಎಷ್ಟು ಅತ್ತೆ ಅಂತೆಲ್ಲ. ಕೊನೆಗೆ ನಾನೇ ಅವಳಿಗೆ ಸಮಾಧಾನ ಹೇಳಬೇಕಾಯಿತು. ಅವತ್ತು ನನಗೆ ಹಳೆಯದಕ್ಕಿಂತ ಜಾಸ್ತಿ ಸುಸ್ತಾಯಿತು.

ಹಳೇಮೇಷ್ಟ್ರು
ಕ್ಷಮೆ ಚಿಕ್ಕದಿರಬೇಕು. ಸರಿಯಾಗಿ ಹೇಳಿದೆ ತಾಯಿ.

ಸ್ವಲ್ಪ ಬೇರೆ ವಿಷಯ. ಟೊರೊಂಟೊದಲ್ಲಿ ಮೇರಿ ಗಾರ್ಡನ್ ಅನ್ನುವವರು 1996ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ಒಂದು ಹಸುಗೂಸನ್ನು ವರ್ಷವಿಡೀ ಆಗಾಗ ಕ್ಲಾಸಿಗೆ ಕರೆತರುತ್ತಾರೆ. ಹಸಿರು ಕಂಬಳಿ ಹಾಸಿ ಮಲಗಿಸುತ್ತಾರೆ. ಮಗುವಿಗೆ ಈಗ ಏನು ಅನಿಸುತ್ತಿದೆ ಅಂತ ವಿದ್ಯಾರ್ಥಿಗಳು ಹೇಳಬೇಕು. ಮಗುವಿಗೆ ಮಾತು ಬರುವುದಿಲ್ಲ. ಮುಷ್ಟಿ, ಹುಬ್ಬು, ಉಸಿರು ನೋಡಿಯೇ ತಿಳಿಯಬೇಕು. ಹೇಳಿದರೆ ಗೊತ್ತಾಗುತ್ತಿತ್ತು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಲೆಕ್ಕಪಕ್ಕ
ಎರಡು ದಿನ ಬಿಟ್ಟು ಬಂದಿದ್ದೇನೆ. ಹಾಗಾದರೆ ಗೆಳೆಯರ ನಡುವಿನ ತಮಾಷೆಗೂ ಇದಕ್ಕೂ ಗೆರೆ ಎಲ್ಲಿ ಅಂತ ಯಾರಾದರೂ ಸರಳವಾಗಿ ಹೇಳಿ.

ನೀಲಿಪೆನ್ನು
ತಮಾಷೆ ಸರದಿ ಪ್ರಕಾರ ಎಲ್ಲರ ಮೇಲೂ ಬರುತ್ತದೆ. ಬೇಡ ಅಂದರೆ ನಿಲ್ಲುತ್ತದೆ. ಒಬ್ಬರ ಮೇಲೇ ಬಂದು ನಿಂತರೆ ಅದು ತಮಾಷೆ ಅಲ್ಲ ಅಂಕಲ್.

ಲೆಕ್ಕಪಕ್ಕ
ಈ ಅಳತೆ ನನಗೆ ಒಪ್ಪಿಗೆ. ಇದನ್ನು ಹಿಡಿದು ನಮ್ಮ ಹಳೇ ಸಹಪಾಠಿಗಳ ಗ್ರೂಪ್ ನೋಡಿದೆ. ನಾವೆಲ್ಲ 50 ಹತ್ತಿರ ಇದ್ದೇವೆ. ಒಬ್ಬನನ್ನು ಈಗಲೂ ಶಾಲೆಯ ಅಡ್ಡಹೆಸರಿನಿಂದಲೇ ಕರೆಯುತ್ತೇವೆ. ಬೇರೆ ಯಾರ ಅಡ್ಡಹೆಸರೂ ಉಳಿದಿಲ್ಲ. ನಿನ್ನೆ ಅವನಿಗೆ ಫೋನ್ ಮಾಡಿ ಕೇಳಿದೆ, ಬೇಜಾರಾಗುತ್ತದಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಷ್ಟು ವರ್ಷಕ್ಕೆ ಕೇಳಿದ್ಯಲ್ಲ" ಅಂದ. ಆಮೇಲೆ ಬೇರೆ ಮಾತು ತೆಗೆದ.

ಮೇಲೆ ಬರೆದಿದ್ದೆನಲ್ಲ, ಅಡ್ಡಹೆಸರಿನಿಂದ ಯಾರೂ ಹಾಳಾಗಲಿಲ್ಲ ಅಂತ. ಅದನ್ನು ಹೇಳುವ ಹಕ್ಕು ನನಗಿರಲಿಲ್ಲ.

ಮಳೆಬಿಲ್ಲು
ಎಲ್ಲರಿಗೂ ಧನ್ಯವಾದ. ಏನಾಯಿತು ಅಂತ ಹೇಳಬೇಕು.

ಆಪ್ತಮಾತು ಮೇಡಂ ಹೇಳಿದ ಹಾಗೆ ಶನಿವಾರ ಮಗಳ ಪಕ್ಕ ಕೂತೆ. ಅವಳೇ ಓದಿದಳು, ನಾನು ಸುಮ್ಮನಿದ್ದೆ. ಮೊದಲ ವಾರ ಆ ಹುಡುಗಿ ಉದ್ದುದ್ದ ಬರೆಯುತ್ತಿದ್ದಳು, ಪಾಠದ ಬಗ್ಗೆ, ಅವಳ ತಮ್ಮನ ಬಗ್ಗೆ. ಎರಡನೇ ವಾರ ಒಂದೊಂದು ಪದ. ಮೂರನೇ ವಾರ ಬರೀ ಎಮೋಜಿ. ಒಂದು ಕಡೆ, ರಾತ್ರಿ 10:47ಕ್ಕೆ, "ಸಾಕು ಪ್ಲೀಸ್" ಅಂತ ಬರೆದು ಪಕ್ಕದಲ್ಲಿ ನಗುವ ಎಮೋಜಿ ಹಾಕಿದ್ದಾಳೆ. ಅದರ ಕೆಳಗೆ ಆರು ಸ್ಟಿಕ್ಕರ್. ಮೂರನೆಯದು ನನ್ನ ಮಗಳದ್ದು. ಅಲ್ಲಿ ಬೆರಳು ನಿಂತಿತು. "ಅಮ್ಮ, ಅವಳು ಹೇಳಿದ್ಲು" ಅಂದಳು. ಮತ್ತೆ ಏನೂ ಮಾತಾಡಲಿಲ್ಲ. ಬಹಳ ಹೊತ್ತು ಅತ್ತಳು.

ಆಮೇಲೆ ತಾನೇ ಆ ಹುಡುಗಿಗೆ ಬರೆದಳು. "ನೀನು ಸಾಕು ಅಂದಿದ್ದೆ. ನಾನು ನಿಲ್ಲಿಸಲಿಲ್ಲ. ತಪ್ಪಾಯ್ತು." ಸ್ಟಿಕ್ಕರ್ ತನ್ನ ಫೋನಿನಿಂದ ತೆಗೆದಳು, ಹತ್ತಿರದ ನಾಲ್ವರಿಗೆ ಫೋನ್ ಮಾಡಿ ತೆಗೆಯಲು ಹೇಳಿದಳು. ಮೂವರು ತೆಗೆದರಂತೆ. ಒಬ್ಬ "ನಿಂದೂ ಮಾಡ್ಲಾ?" ಅಂದನಂತೆ. ಅವನ ಮನೆಯವರ ಜೊತೆ ನಾನು ಮಾತಾಡುತ್ತೇನೆ. ಆ ಹುಡುಗಿಯ ಉತ್ತರ ಬಂದಿಲ್ಲ. ನೀಲಿ ಗೆರೆ ಎರಡೂ ಬಂದಿವೆ.

ಆಪ್ತಮಾತು
ಉತ್ತರಕ್ಕೆ ಒತ್ತಾಯ ಮಾಡಬೇಡಿ. ಕ್ಲಾಸ್ ಟೀಚರ್‌ಗೂ ತಿಳಿಸಿ, ಆದರೆ ಹುಡುಗಿಯ ತಾಯಿಯನ್ನು ಕೇಳಿಯೇ ತಿಳಿಸಿ.

ಬೆಳ್ಳಿಚುಕ್ಕಿ
ಕ್ಷಮೆ ಬಿಟ್ಟು ಬೇರೆ ಏನಾದರೂ ಕೇಳಿದಳಾ ಅಕ್ಕಾ? ಪಾಠದ್ದು?

ಮಳೆಬಿಲ್ಲು
ನಿಮ್ಮ ಆರನೇ ಲೆಕ್ಕದ ಕಥೆ ಓದಿ ತೋರಿಸಿದ್ದೆ. ನಿನ್ನೆ ರಾತ್ರಿ ಸಮಾಜದ ಎರಡನೇ ಪಾಠದ ನೋಟ್ಸ್ ಕೇಳಿದ್ದಾಳೆ. ಅದಕ್ಕೆ ಉತ್ತರ ಬಂತು. ಎರಡು ಪುಟದ ಫೋಟೊ. ಜೊತೆಗೆ ಒಂದು ಸಾಲು, "ಕೊನೇ ಪ್ರಶ್ನೆ ನಾನೂ ಬರ್ದಿಲ್ಲ". ಎಮೋಜಿ ಇರಲಿಲ್ಲ.